ದೆವ್ವವೂ ಅಲ್ಲ, ನಾಟಕವೂ ಅಲ್ಲ

ನಿನ್ನೆ ರಾತ್ರಿ ಮಲಗಿದವನೇ ಇಂದು ಎದ್ದಿದ್ದಾನೆ, ಈ ಕೈ ತನ್ನದು, ಎದುರಿಗೆ ನಿಂತವಳು ತನ್ನ ತಾಯಿ ಎಂಬ ಅರಿವು ಆರೋಗ್ಯವಂತನಿಗೆ ಯಾವ ಪ್ರಯತ್ನವೂ ಇಲ್ಲದೆ ದೊರೆಯುವುದರಿಂದ, ಅದು ಮಿದುಳು ಕ್ಷಣಕ್ಷಣವೂ ನಡೆಸುತ್ತಿರುವ ಕೆಲಸದ ಫಲವೆಂಬುದು ಸಾಮಾನ್ಯವಾಗಿ ಯಾರ ಗಮನಕ್ಕೂ ಬರುವುದಿಲ್ಲ. ನೆನಪು, ಭಾವನೆ, ಚಲನೆ, ದೇಹದ ಅನುಭವ, ಸುತ್ತಲಿನ ಜಗತ್ತಿನ ಗ್ರಹಿಕೆ ಇವೆಲ್ಲ ಒಬ್ಬನೇ ವ್ಯಕ್ತಿಗೆ ಸೇರಿದವು ಎಂಬಂತೆ ಹೆಣೆದುಕೊಂಡಿರುವ ಈ ಸ್ಥಿತಿ ಸಡಿಲಗೊಂಡು, ಒಂದೋ ಹಲವೋ ಎಳೆಗಳು ಉಳಿದವುಗಳಿಂದ ಕಳಚಿಕೊಂಡಾಗ ಉಂಟಾಗುವ ತೊಂದರೆಗಳನ್ನು ಮನೋವೈದ್ಯರು ಡಿಸೋಸಿಯೇಟಿವ್ ಡಿಸಾರ್ಡರ್ ಎಂದು ಕರೆಯುತ್ತಾರೆ. ಕನ್ನಡದಲ್ಲಿ ಅವನ್ನು ವಿಘಟನೆಯ ಕಾಯಿಲೆಗಳು ಎನ್ನಬಹುದು. ಕರ್ನಾಟಕದ ಮನೆಗಳಲ್ಲಿ ಇಂಥ ಕಾಯಿಲೆ ಕಾಣಿಸಿಕೊಂಡಾಗ ಹಿರಿಯರ ಬಾಯಿಂದ ಮೊದಲು ಬರುವುದು ಗಾಳಿ ಸೋಕಿದೆ ಎಂಬ ಮಾತಾದರೆ, ಅದನ್ನು ನಂಬದ ಓದಿದವರ ಬಾಯಿಂದ ಬರುವುದು ನಾಟಕ ಮಾಡುತ್ತಿದ್ದಾಳೆ ಎಂಬ ಮಾತು. ಎರಡನೆಯದು ಮೊದಲನೆಯದಕ್ಕಿಂತ ವೈಜ್ಞಾನಿಕವೆಂದು ತೋರಿದರೂ ರೋಗಿಯ ಪಾಲಿಗೆ ಅದೇ ಹೆಚ್ಚು ಕ್ರೂರವಾದುದು. ದೆವ್ವದ ವಿವರಣೆಯಲ್ಲಿ ಕನಿಷ್ಠಪಕ್ಷ ಆಕೆ ನಿರಪರಾಧಿ.

ವಿಘಟನೆಯ ಸೌಮ್ಯ ರೂಪ ಎಲ್ಲರಿಗೂ ಪರಿಚಿತವಾದುದೇ. ಬಸ್ಸಿನಲ್ಲಿ ಯೋಚನೆಯೊಳಗೆ ಮುಳುಗಿ ಇಳಿಯಬೇಕಾದ ಸ್ಟಾಪನ್ನು ದಾಟಿಹೋಗುವುದು, ಅಪಘಾತದ ಹೊತ್ತಿನಲ್ಲಿ ಎಲ್ಲವೂ ಬೇರೆ ಯಾರಿಗೋ ನಡೆಯುತ್ತಿದೆ ಎನಿಸುವುದು, ಸಾವಿನ ಸುದ್ದಿ ಕೇಳಿದವರು ಕಣ್ಣೀರಿಲ್ಲದೆ ಬಂದವರಿಗೆಲ್ಲ ಕಾಫಿ ಮಾಡಿಕೊಡುತ್ತ ಓಡಾಡುವುದು ಇವೆಲ್ಲ ಆ ಬಗೆಯವೇ, ಮತ್ತು ಇವುಗಳಿಗೆ ಚಿಕಿತ್ಸೆ ಬೇಕಿಲ್ಲ. ಕಳಚಿಕೊಳ್ಳುವಿಕೆ ವ್ಯಕ್ತಿಯ ಇಚ್ಛೆಯನ್ನು ಮೀರಿ ಮರುಕಳಿಸುತ್ತ ಬದುಕಿಗೆ ಅಡ್ಡಿಯಾದಾಗ, ಮತ್ತು ಮಿದುಳಿನ ಗಾಯ, ಅಪಸ್ಮಾರ, ಮದ್ಯ ಅಥವಾ ಮಾದಕವಸ್ತುಗಳು ಅದಕ್ಕೆ ಕಾರಣವಲ್ಲವೆಂದು ಖಚಿತವಾದಾಗ ಮಾತ್ರ ಅದನ್ನು ಕಾಯಿಲೆಯೆಂದು ಪರಿಗಣಿಸಲಾಗುತ್ತದೆ.

ಈ ವಿದ್ಯಮಾನವನ್ನು ಮೊದಲ ಬಾರಿಗೆ ವ್ಯವಸ್ಥಿತವಾಗಿ ವಿವರಿಸಿದವರು ಫ್ರಾನ್ಸಿನ ಪಿಯೆರ್ ಜಾನೆ (1859–1947). ತತ್ತ್ವಶಾಸ್ತ್ರದ ಅಧ್ಯಾಪಕರಾಗಿದ್ದ ಅವರು 1889ರಲ್ಲಿ ಪ್ರಕಟಿಸಿದ ಮಹಾಪ್ರಬಂಧದಲ್ಲಿ, ತೀವ್ರ ಭಾವೋದ್ವೇಗದ ಸಂದರ್ಭದಲ್ಲಿ ಮನಸ್ಸಿನ ಜೋಡಿಸುವ ಶಕ್ತಿ ಕುಂದುತ್ತದೆಂದೂ, ಹಾಗೆ ಜೋಡಣೆಯಾಗದೆ ಉಳಿದ ಅನುಭವಗಳು ವ್ಯಕ್ತಿಯ ಅರಿವಿನ ಹೊರಗೇ ಸ್ವತಂತ್ರವಾಗಿ ಕೆಲಸ ಮಾಡತೊಡಗುತ್ತವೆಂದೂ ವಾದಿಸಿದರು. ಮುಂದೆ ಪ್ಯಾರಿಸ್ಸಿನ ಸಾಲ್ಪೆಟ್ರಿಯೇರ್ ಆಸ್ಪತ್ರೆಯಲ್ಲಿ ಅವರು ನೋಡಿದ ರೋಗಿಗಳಲ್ಲಿ ಇರೆನ್ ಎಂಬ ಹೆಸರಿನಿಂದ ದಾಖಲಾಗಿರುವ ಯುವತಿಯ ಪ್ರಕರಣ ಇಂದಿಗೂ ಈ ಕಾಯಿಲೆಯ ಒಳಗನ್ನು ಬೇರಾವ ಪಠ್ಯಪುಸ್ತಕಕ್ಕಿಂತ ಚೆನ್ನಾಗಿ ತೋರಿಸುತ್ತದೆ. ಕುಡುಕ ತಂದೆ, ಕ್ಷಯರೋಗದಿಂದ ಸಾಯುತ್ತಿದ್ದ ತಾಯಿ. ಔಷಧಿಯ ಖರ್ಚಿಗಾಗಿ ಹೊಲಿಗೆ ಕೆಲಸ ಮಾಡುತ್ತ, ಸುಮಾರು ಅರವತ್ತು ರಾತ್ರಿ ಸರಿಯಾಗಿ ನಿದ್ದೆಯಿಲ್ಲದೆ ತಾಯಿಯ ಆರೈಕೆ ಮಾಡಿದ ಆ ಹುಡುಗಿ, ಒಂದು ರಾತ್ರಿ ತಾಯಿಯ ಉಸಿರು ನಿಂತ ಮೇಲೂ ಅದನ್ನು ಒಪ್ಪದೆ ಹೆಣವನ್ನು ಎತ್ತಿ ಕೂರಿಸಲು, ಬಾಯಿಗೆ ಔಷಧಿ ಹಾಕಲು ಯತ್ನಿಸಿದಳು. ಹೆಣ ನೆಲಕ್ಕೆ ಜಾರಿ ಬಿದ್ದಾಗ ಅದನ್ನು ಮತ್ತೆ ಹಾಸಿಗೆಗೆ ಎತ್ತಲು ಒಬ್ಬಳೇ ಹೆಣಗಿದಳು. ಆದರೆ ಶವಸಂಸ್ಕಾರದ ಹೊತ್ತಿಗೆ ಆಕೆ ನಗುತ್ತಿದ್ದಳು. ತಾಯಿ ಸತ್ತಿದ್ದಾಳೆಂದು ಜನ ಹೇಳುವುದರಿಂದ ತಾನು ನಂಬಬೇಕಷ್ಟೇ, ತನಗೆ ಆ ಬಗ್ಗೆ ಯಾವ ನೆನಪೂ ಇಲ್ಲ, ದುಃಖವೂ ಇಲ್ಲ ಎಂಬುದು ಆಕೆಯ ನಿಲುವಾಗಿತ್ತು.

ಅದೇ ಹುಡುಗಿ ಆಸ್ಪತ್ರೆಯಲ್ಲಿ ಹಾಸಿಗೆಯೊಂದನ್ನು ನಿರ್ದಿಷ್ಟ ಕೋನದಿಂದ ಕಂಡಾಗಲೆಲ್ಲ ಸುತ್ತಲಿನವರ ಪರಿವೆಯೇ ಇಲ್ಲದವಳಂತಾಗಿ, ಇಲ್ಲದ ರೋಗಿಗೆ ಇಲ್ಲದ ಲೋಟದಿಂದ ಔಷಧಿ ಕುಡಿಸುತ್ತ, ಅವಳೊಡನೆ ಮಾತಾಡುತ್ತ, ಬಿದ್ದ ದೇಹವನ್ನು ಎತ್ತುತ್ತ, ಆ ರಾತ್ರಿಯನ್ನು ಒಂದು ಚಲನೆಯೂ ಬಿಡದೆ ಮೂರು ನಾಲ್ಕು ಗಂಟೆಗಳ ಕಾಲ ಮತ್ತೆ ನಡೆಸುತ್ತಿದ್ದಳು. ಮುಗಿದ ಮೇಲೆ ಏನಾಯಿತೆಂದು ಕೇಳಿದರೆ ಆಕೆಗೆ ಗೊತ್ತಿರುತ್ತಿರಲಿಲ್ಲ. ಒಂದೇ ಘಟನೆಯ ಬಗ್ಗೆ ಆಕೆಗೆ ನೆನಪು ತೀರ ಕಡಿಮೆಯೂ ಇತ್ತು, ತೀರ ಹೆಚ್ಚೂ ಇತ್ತು ಎಂಬುದನ್ನು ಗುರುತಿಸಿದ್ದೇ ಜಾನೆಯವರ ಪ್ರತಿಭೆ. ಅವರ ದೃಷ್ಟಿಯಲ್ಲಿ ಈ ಪುನರಭಿನಯ ನೆನಪೇ ಅಲ್ಲ. ನೆನಪೆಂದರೆ ನಡೆದುದನ್ನು ಕೇಳುವವರಿಗೆ ತಕ್ಕಂತೆ ಹಿಗ್ಗಿಸಿ ಕುಗ್ಗಿಸಿ ಹೇಳಬಲ್ಲ ಸಾಮರ್ಥ್ಯ, ಬದುಕಿನ ಉಳಿದ ಕಥೆಯೊಳಗೆ ಅದಕ್ಕೊಂದು ಜಾಗ ಕೊಡುವ ಕ್ರಿಯೆ. ತಿಂಗಳುಗಟ್ಟಲೆ ನಡೆದ ಚಿಕಿತ್ಸೆಯ ಕೊನೆಗೆ ಇರೆನ್ ತಾಯಿಯ ಸಾವನ್ನು ಅಳುತ್ತ ಕೆಲವೇ ನಿಮಿಷಗಳಲ್ಲಿ ಹೇಳಬಲ್ಲವಳಾದಾಗ ಆ ಗಂಟೆಗಟ್ಟಲೆಯ ಆವೇಶಗಳು ನಿಂತುಹೋದವು.

ಮರೆವಿನ ಕಾಯಿಲೆಗಳಲ್ಲಿ ವಿಘಟನೆಯಿಂದ ಬಂದುದನ್ನು ಮಿದುಳಿನ ಹಾನಿಯಿಂದ ಬಂದುದರಿಂದ ಬೇರ್ಪಡಿಸುವ ಗೆರೆ ಸಾಕಷ್ಟು ಸ್ಪಷ್ಟವಾಗಿದೆ, ಆದರೆ ಚಲನಚಿತ್ರಗಳು ಅದನ್ನು ಪೂರ್ತಿ ಅಳಿಸಿಹಾಕಿವೆ. ಅಪಸ್ಮಾರದ ಚಿಕಿತ್ಸೆಗಾಗಿ 1953ರಲ್ಲಿ ಮಿದುಳಿನ ಎರಡೂ ಬದಿಯ ಹಿಪೊಕ್ಯಾಂಪಸ್ ಭಾಗದ ಬಹುಪಾಲನ್ನು ಕಳೆದುಕೊಂಡ ಅಮೆರಿಕದ ಹೆನ್ರಿ ಮೊಲೈಸನ್, ಅಲ್ಲಿಂದಾಚೆಗೆ 2008ರಲ್ಲಿ ಸಾಯುವವರೆಗೆ ಹೊಸ ಘಟನೆಗಳನ್ನು ನೆನಪಿನಲ್ಲಿ ಉಳಿಸಿಕೊಳ್ಳಲಾರದವರಾದರು. ಕೆಲವು ನಿಮಿಷಗಳ ಹಿಂದೆ ಮಾತಾಡಿಸಿದವರೂ ಅವರಿಗೆ ಅಪರಿಚಿತರೇ. ಆದರೂ ತಮ್ಮ ಹೆಸರಾಗಲಿ ಬಾಲ್ಯವಾಗಲಿ ಅವರಿಗೆ ಮರೆತಿರಲಿಲ್ಲ. ವಿಘಟನೆಯ ಮರೆವಿನಲ್ಲಿ ಸಾಮಾನ್ಯವಾಗಿ ಇದರ ತಿರುವುಮುರುವು ಕಾಣುತ್ತದೆ: ರೋಗಿ ಹೊಸದನ್ನು ಕಲಿಯಬಲ್ಲ, ಭಾಷೆ, ಲೆಕ್ಕ, ಸೈಕಲ್ ಸವಾರಿ ಯಾವುದೂ ಹೋಗಿರುವುದಿಲ್ಲ, ಆದರೆ ತನ್ನ ಬದುಕಿನ ಒಂದು ಘಟನೆ, ಒಂದು ಅವಧಿ, ಅಪರೂಪಕ್ಕೆ ತಾನು ಯಾರೆಂಬುದೇ ಕೈಗೆ ಸಿಗದಂತಾಗಿರುತ್ತದೆ. ತಲೆಗೆ ಪೆಟ್ಟು ಬಿದ್ದು ಹೆಸರು ಮರೆತ ನಾಯಕ ಇನ್ನೊಂದು ಪೆಟ್ಟಿಗೆ ಎಲ್ಲವನ್ನೂ ನೆನಪಿಸಿಕೊಳ್ಳುವ ಕಥೆ ಈ ಎರಡು ಕಾಯಿಲೆಗಳಲ್ಲಿ ಯಾವುದಕ್ಕೂ ಸೇರಿದ್ದಲ್ಲ.

ತಾನು ಯಾರೆಂಬುದನ್ನು ಮರೆತು ಊರು ಬಿಟ್ಟು ಹೋಗುವ ಸ್ಥಿತಿಗೆ ಫ್ಯೂಗ್ ಎಂದು ಹೆಸರು. 2013ರಲ್ಲಿ ಹೊರಬಂದ ಅಮೆರಿಕದ ರೋಗನಿರ್ಣಯ ಕೈಪಿಡಿ ಡಿಎಸ್ಎಂ-5 ಅದನ್ನು ಪ್ರತ್ಯೇಕ ಕಾಯಿಲೆಯಾಗಿ ಉಳಿಸಿಕೊಳ್ಳದೆ ವಿಘಟನೆಯ ಮರೆವಿನ ಒಂದು ಬಗೆಯಾಗಿ ಸೇರಿಸಿತು. ರೋಡ್ ಐಲೆಂಡ್ ರಾಜ್ಯದ ಧರ್ಮಪ್ರಚಾರಕ ಆನ್ಸೆಲ್ ಬೋರ್ನ್ 1887ರ ಜನವರಿ 17ರಂದು ಪ್ರಾವಿಡೆನ್ಸ್ ನಗರದ ಬ್ಯಾಂಕಿನಿಂದ 551 ಡಾಲರ್ ತೆಗೆದುಕೊಂಡು ಕಾಣೆಯಾದರು. ಮಾರ್ಚ್ 14ರ ಬೆಳಗ್ಗೆ ಪೆನ್ಸಿಲ್ವೇನಿಯಾದ ನಾರಿಸ್ಟೌನ್‌ನಲ್ಲಿ ಎ.ಜೆ. ಬ್ರೌನ್ ಎಂಬ ವ್ಯಾಪಾರಿಯೊಬ್ಬ ಗಾಬರಿಯಿಂದ ಎದ್ದು, ತಾನು ಬೋರ್ನ್, ಈ ಊರು ಯಾವುದೆಂದು ತನಗೆ ಗೊತ್ತಿಲ್ಲ ಎಂದಾಗ ನೆರೆಹೊರೆಯವರು ಆತನಿಗೆ ಹುಚ್ಚು ಹಿಡಿದಿದೆ ಎಂದುಕೊಂಡರು. ಅಂಗಡಿ ಬಾಡಿಗೆಗೆ ಹಿಡಿದು, ಮಿಠಾಯಿ, ಹಣ್ಣು, ಲೇಖನ ಸಾಮಗ್ರಿಗಳನ್ನು ತಂದು ಜೋಡಿಸಿ, ಯಾರಿಗೂ ಅನುಮಾನ ಬಾರದಂತೆ ಆರು ವಾರ ವ್ಯಾಪಾರ ನಡೆಸಿದ ಬ್ರೌನ್‌ನ ಬಗ್ಗೆ ಬೋರ್ನ್‌ಗೆ ಏನೂ ತಿಳಿದಿರಲಿಲ್ಲ. ಮನೋವಿಜ್ಞಾನಿ ವಿಲಿಯಂ ಜೇಮ್ಸ್ 1890ರಲ್ಲಿ ಸಂಮೋಹನದ ಮೂಲಕ ಬ್ರೌನ್‌ನ ನೆನಪುಗಳನ್ನು ಹೊರತಂದರೂ ಇಬ್ಬರನ್ನೂ ಒಂದುಗೂಡಿಸಲು ಅವರಿಂದಾಗಲಿಲ್ಲ. ಪತ್ತೇದಾರಿ ಕಾದಂಬರಿಗಾರ್ತಿ ಅಗಾಥಾ ಕ್ರಿಸ್ಟಿ 1926ರ ಡಿಸೆಂಬರಿನಲ್ಲಿ ಹನ್ನೊಂದು ದಿನ ಕಾಣೆಯಾಗಿ, ಹ್ಯಾರೊಗೇಟ್‌ನ ಹೋಟೆಲೊಂದರಲ್ಲಿ ಗಂಡನ ಪ್ರೇಯಸಿಯ ಮನೆತನದ ಹೆಸರಿನಲ್ಲಿ ತಂಗಿದ್ದುದು ಪತ್ತೆಯಾದ ಪ್ರಸಂಗವನ್ನೂ ಕೆಲವರು ಇದೇ ಸಾಲಿಗೆ ಸೇರಿಸುತ್ತಾರೆ, ಬೇರೆಯವರು ಒಪ್ಪುವುದಿಲ್ಲ.

ಇದಕ್ಕಿಂತ ಬಹಳ ಸಾಮಾನ್ಯವಾದ, ಆದರೆ ಕಥೆಯಾಗಿ ಹೇಳಲು ಒದಗದ ಕಾರಣ ಹೆಚ್ಚು ಸುದ್ದಿಯಾಗದ ಇನ್ನೊಂದು ತೊಂದರೆಯಿದೆ. ಮಾತಾಡುವಾಗ ತನ್ನದೇ ದನಿ ಬೇರೆಯವರದೆಂಬಂತೆ ಕೇಳಿಸುವುದು, ಕನ್ನಡಿಯಲ್ಲಿ ಕಂಡ ಮುಖ ತನ್ನದೆಂದು ಗೊತ್ತಿದ್ದರೂ ತನ್ನದೆನಿಸದಿರುವುದು, ಹೆತ್ತ ಮಗುವನ್ನು ಎತ್ತಿಕೊಂಡರೂ ಎದೆಯಲ್ಲಿ ಏನೂ ಆಗದಿರುವುದು, ಬೀದಿ, ಮರ, ಜನ ಎಲ್ಲವೂ ಪರದೆಯ ಮೇಲಿನ ಚಿತ್ರದಂತೆ ಚಪ್ಪಟೆಯಾಗಿ ತೋರುವುದು ಇದರ ಲಕ್ಷಣಗಳು. ತನ್ನಿಂದ ತಾನೇ ದೂರವಾಗುವ ಅನುಭವಕ್ಕೆ ಡಿಪರ್ಸನಲೈಸೇಷನ್ ಎಂದೂ, ಜಗತ್ತು ಅವಾಸ್ತವವೆನಿಸುವುದಕ್ಕೆ ಡಿರಿಯಲೈಸೇಷನ್ ಎಂದೂ ಹೆಸರಿದ್ದು, ಮೊದಲನೆಯ ಪದವನ್ನು ಫ್ರಾನ್ಸಿನ ಲೂಡೊವಿಕ್ ದ್ಯುಗಾ 1898ರಲ್ಲಿ ಬಳಕೆಗೆ ತಂದರು. ಜನಸಂಖ್ಯೆಯ ಶೇ 1ರಿಂದ 2ರಷ್ಟು ಮಂದಿ ಇದರಿಂದ ದೀರ್ಘಕಾಲ ಬಳಲುತ್ತಾರೆಂಬ ಅಂದಾಜಿದೆ. ನಿದ್ದೆಗೇಡು, ತೀವ್ರ ಭಯದ ದಾಳಿ, ಗಾಂಜಾ ಸೇವನೆ ಇವುಗಳ ಬೆನ್ನಿಗೆ ಇದು ಶುರುವಾಗುವುದುಂಟು. ರೋಗಿಗಳ ದೊಡ್ಡ ಹೆದರಿಕೆ ತಮಗೆ ಹುಚ್ಚು ಹಿಡಿಯುತ್ತಿದೆ ಎಂಬುದು. ಆದರೆ ಚಿತ್ತವಿಕಲತೆಯಲ್ಲಿ ರೋಗಿ ಜಗತ್ತು ನಿಜಕ್ಕೂ ಬದಲಾಗಿದೆ ಎಂದು ನಂಬುತ್ತಾನಾದರೆ, ಇಲ್ಲಿ ಹಾಗೆ ಅನಿಸುತ್ತಿದೆಯಷ್ಟೇ, ಹಾಗಿಲ್ಲ ಎಂಬ ವಿವೇಕ ಕೊನೆಯವರೆಗೂ ಉಳಿದಿರುತ್ತದೆ. ಈ ಒಂದು ವ್ಯತ್ಯಾಸವನ್ನು ವೈದ್ಯರು ಬಿಡಿಸಿ ಹೇಳಿದರೆ ಅರ್ಧ ಭಾರ ಇಳಿದಂತೆ.

ಜನಪ್ರಿಯ ಕಲ್ಪನೆಯನ್ನು ಹಿಡಿದಿಟ್ಟಿರುವುದು ಮಾತ್ರ ಒಂದೇ ದೇಹದಲ್ಲಿ ಹಲವು ವ್ಯಕ್ತಿಗಳು ಎಂಬ ಚಿತ್ರ. ಅಮೆರಿಕದಲ್ಲಿ 1973ರಲ್ಲಿ ಪ್ರಕಟವಾದ ‘ಸಿಬಿಲ್’ ಎಂಬ ಪುಸ್ತಕ ಮತ್ತು 1976ರ ಅದರ ಟಿವಿ ರೂಪಾಂತರದ ಬೆನ್ನಲ್ಲೇ, 1980ರಲ್ಲಿ ಬಹುವ್ಯಕ್ತಿತ್ವ ಕಾಯಿಲೆ ಅಧಿಕೃತ ಕೈಪಿಡಿಗೆ ಸೇರಿತು. ಅದುವರೆಗೆ ಬೆರಳೆಣಿಕೆಯಲ್ಲಿ ವರದಿಯಾಗುತ್ತಿದ್ದ ಪ್ರಕರಣಗಳು ಕೆಲವೇ ವರ್ಷಗಳಲ್ಲಿ ಸಾವಿರಗಟ್ಟಲೆಯಾದವು. ಸಿಬಿಲ್ ಪಾತ್ರಕ್ಕೆ ಮೂಲವಾದ ಮಹಿಳೆ ತನ್ನಲ್ಲಿ ಬೇರೆ ವ್ಯಕ್ತಿತ್ವಗಳಿಲ್ಲವೆಂದು 1958ರಲ್ಲೇ ತನ್ನ ವೈದ್ಯೆಗೆ ಪತ್ರ ಬರೆದಿದ್ದಳೆಂಬುದು ಬಹಳ ತಡವಾಗಿ ಹೊರಬಂತು. ಸಂಮೋಹನ ಮತ್ತು ಒತ್ತಾಯದ ಪ್ರಶ್ನೆಗಳಿಂದ ‘ಮರೆತ ನೆನಪು’ಗಳನ್ನು ಅಗೆದು ತೆಗೆಯುವ ಚಿಕಿತ್ಸಕರು ಇಲ್ಲದ ನೆನಪುಗಳನ್ನು ನೆಡುತ್ತಿದ್ದಾರೆಂದು ಮನೋವಿಜ್ಞಾನಿ ಎಲಿಜಬೆತ್ ಲಾಫ್ಟಸ್ ಅವರ ಪ್ರಯೋಗಗಳು ಎಚ್ಚರಿಸಿದವು, ಬಾಲ್ಯದಲ್ಲಿ ಅಂಗಡಿ ಸಂಕೀರ್ಣದಲ್ಲಿ ಕಳೆದುಹೋಗಿದ್ದ ಘಟನೆಯೊಂದು ನಿಜಕ್ಕೂ ನಡೆಯದಿದ್ದರೂ, ಮನೆಯವರು ಹೇಳಿದ್ದೆಂದು ತಿಳಿಸಿದಾಗ ಕೆಲವರು ಅದನ್ನು ವಿವರಗಳೊಂದಿಗೆ ‘ನೆನಪಿಸಿಕೊಂಡರು’. ಈ ಅತಿರೇಕದ ಕಾರಣಕ್ಕೆ ಇಡೀ ಕಾಯಿಲೆಯೇ ಕಟ್ಟುಕಥೆ ಎನ್ನುವವರೂ ಹುಟ್ಟಿಕೊಂಡರು, ಅದೂ ಇನ್ನೊಂದು ಅತಿರೇಕ. ನೆದರ್‌ಲೆಂಡ್ಸ್‌ನ ಸಿಮೋನ್ ರೈಂಡರ್ಸ್ ಮತ್ತು ಸಂಗಡಿಗರು ಇಂಥ ರೋಗಿಗಳಿಗೆ ಅವರದೇ ಆಘಾತದ ವಿವರವನ್ನು ಓದಿಹೇಳಿ ಮಿದುಳಿನ ರಕ್ತಸಂಚಾರವನ್ನು ಚಿತ್ರಿಸಿದಾಗ, ಎರಡು ಅಸ್ಮಿತಾಸ್ಥಿತಿಗಳಲ್ಲಿ ಅದು ಬೇರೆಬೇರೆಯಾಗಿದ್ದುದನ್ನೂ, ಪಾತ್ರ ಮಾಡುವಂತೆ ಸೂಚನೆ ಪಡೆದ ಆರೋಗ್ಯವಂತರಲ್ಲಿ ಆ ವ್ಯತ್ಯಾಸ ಮೂಡದಿದ್ದುದನ್ನೂ ಕಂಡರು. 1994ರಲ್ಲಿ ಕಾಯಿಲೆಯ ಹೆಸರು ಡಿಸೋಸಿಯೇಟಿವ್ ಐಡೆಂಟಿಟಿ ಡಿಸಾರ್ಡರ್ ಎಂದಾಯಿತು; ಆ ಹೆಸರಿನ ಹಿಂದಿರುವ ವಿಚಾರವೆಂದರೆ, ರೋಗಿಯಲ್ಲಿ ಹಲವು ವ್ಯಕ್ತಿಗಳಿರುವುದಲ್ಲ, ಒಬ್ಬ ಪೂರ್ಣ ವ್ಯಕ್ತಿಯೂ ರೂಪುಗೊಳ್ಳದಿರುವುದು. ‘ನಾನು’ ಎಂಬುದು ಮಗುವಿನಲ್ಲಿ ಹುಟ್ಟಿನಿಂದಲೇ ಸಿದ್ಧವಾಗಿರುವುದಿಲ್ಲ, ಸುರಕ್ಷಿತ ಆರೈಕೆಯ ವರ್ಷಗಳಲ್ಲಿ ಅದು ಕೂಡಿಕೊಳ್ಳುತ್ತ ಬರುತ್ತದೆ. ಆರೈಕೆ ಮಾಡಬೇಕಾದವರೇ ಹಿಂಸಿಸುವ ಮನೆಯಲ್ಲಿ ಅದು ಕೂಡಿಕೊಳ್ಳುವುದೇ ಇಲ್ಲ.

ಭಾರತದಲ್ಲಿ ಈ ರೂಪ ಅಪರೂಪ. ಭಾರತೀಯ ಮನೋವೈದ್ಯರು 1989ರಲ್ಲಿ ಅಮೆರಿಕದ ಪ್ರಮುಖ ಮನೋವೈದ್ಯಕೀಯ ನಿಯತಕಾಲಿಕದಲ್ಲಿ ಮೂರು ಪ್ರಕರಣಗಳನ್ನು ವರದಿ ಮಾಡಿದಾಗ, ಒಂದು ವ್ಯಕ್ತಿತ್ವದಿಂದ ಇನ್ನೊಂದಕ್ಕೆ ಆಗುವ ಬದಲಾವಣೆ ಇಲ್ಲಿ ನಿದ್ದೆಯ ಬಳಿಕ ಸಂಭವಿಸುತ್ತದೆ ಎಂಬುದನ್ನು ವಿಶೇಷವಾಗಿ ಗಮನಿಸಿದ್ದರು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ 1999ರಿಂದ 2008ರವರೆಗಿನ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನದಲ್ಲಿ ವಿಘಟನೆಯ ಕಾಯಿಲೆಗಳ ಪೈಕಿ ಮೊದಲ ಸ್ಥಾನ ಕೈಕಾಲುಗಳ ಚಲನೆಯ ತೊಂದರೆಗಳಿಗೆ, ಎರಡನೆಯದು ಮೂರ್ಛೆಯಂಥ ಸೆಳವುಗಳಿಗೆ. ಹಾಗೆ ನೋಡಿದರೆ 2004ರ ‘ಆಪ್ತಮಿತ್ರ’ ಚಿತ್ರದ ಗಂಗಾ ನಾಗವಲ್ಲಿಯಾಗುವುದು ಕೂಡ ಪರದೆಯ ಮೇಲೆ ವೈದ್ಯರು ಕೊಡುವ ಬಹುವ್ಯಕ್ತಿತ್ವದ ವಿವರಣೆಗಿಂತ ಹಳ್ಳಿಯ ಮೈಮೇಲೆ ಬರುವಿಕೆಗೇ ಹತ್ತಿರ: ಒಳಗೆ ಬಂದಿರುವುದು ಸತ್ತ ಒಬ್ಬಳು, ಅವಳಿಗೊಂದು ಹಳೆಯ ಸೇಡಿದೆ, ಅದು ತೀರಿದರೆ ಅವಳು ಹೋಗುತ್ತಾಳೆ.

ಮೈಮೇಲೆ ಬರುವುದೆಲ್ಲ ಕಾಯಿಲೆಯಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ತುಳುನಾಡಿನ ಕೋಲದಲ್ಲಿ ದೈವದ ಆವೇಶಕ್ಕೆ ನಿಗದಿಯಾದ ವ್ಯಕ್ತಿ, ಹೊತ್ತು, ವ್ರತ, ವೇಷ ಎಲ್ಲವೂ ಇವೆ, ಮತ್ತು ಕೋಲ ಮುಗಿದ ಮೇಲೆ ಆ ವ್ಯಕ್ತಿ ತನ್ನ ಎಂದಿನ ಬದುಕಿಗೆ ಮರಳುತ್ತಾನೆ. 2022ರ ಜನವರಿಯಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ವರ್ಗೀಕರಣ, ಆವೇಶ ಇಚ್ಛೆಗೆ ವಿರುದ್ಧವಾಗಿದ್ದು, ಆ ಸಮಾಜದ ಧಾರ್ಮಿಕ ಅಥವಾ ಸಾಂಸ್ಕೃತಿಕ ಆಚರಣೆಯ ಭಾಗವಲ್ಲದೆ, ವ್ಯಕ್ತಿಯನ್ನು ಸಂಕಟಕ್ಕೆ ದೂಡಿದರೆ ಮಾತ್ರ ಅದನ್ನು ಕಾಯಿಲೆಯೆನ್ನುತ್ತದೆ. ಕಲಬುರಗಿ ಜಿಲ್ಲೆಯ ಗಾಣಗಾಪುರದಂಥ ಕ್ಷೇತ್ರಗಳಿಗೆ ಗಾಳಿ ಬಿಡಿಸಲು ಕರೆತರುವವರಲ್ಲಿ ಈ ಎರಡನೆಯ ಬಗೆಯವರು ಇರುತ್ತಾರೆ. ಮಾನವಶಾಸ್ತ್ರಜ್ಞ ಐ.ಎಂ. ಲೂಯಿಸ್ 1971ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಅಧಿಕಾರವಿಲ್ಲದವರಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಆವೇಶವು ಅಡ್ಡದಾರಿಯ ಪ್ರತಿಭಟನೆಯಾಗುತ್ತದೆ ಎಂದು ವಾದಿಸಿದ್ದರು. ಸೊಸೆಯಾಗಿ ಬಾಯಿ ಬಿಡಲಾಗದವಳ ಮೈಮೇಲೆ ಮನೆತನದ ಸತ್ತ ಹಿರಿಯರು ಬಂದು ಗಂಡನನ್ನು ಏಕವಚನದಲ್ಲಿ ಗದರಿದಾಗ, ಇಡೀ ಮನೆ ಕೈಮುಗಿದು ಕೇಳುತ್ತದೆ. ಆದರೆ ಈ ವಾದವನ್ನು ಎಳೆದು, ಅವಳು ಲೆಕ್ಕ ಹಾಕಿಯೇ ಹಾಗೆ ಮಾಡುತ್ತಾಳೆಂದರೆ ಮತ್ತೆ ನಾಟಕದ ಆರೋಪಕ್ಕೇ ಬಂದು ನಿಂತಂತಾಗುತ್ತದೆ. ಕಾಯಿಲೆಯಿಂದ ಸಿಗುವ ಲಾಭ ಎಂದು ವೈದ್ಯಕೀಯ ಗ್ರಂಥಗಳು ಹೇಳುವ ಸಂಗತಿ ಬಹುತೇಕ ಪ್ರಕರಣಗಳಲ್ಲಿ ಎರಡು ದಿನದ ವಿಶ್ರಾಂತಿ, ತವರಿಗೆ ಒಂದು ಪ್ರಯಾಣ, ಪರೀಕ್ಷೆಯಿಂದ ಒಂದು ವಿನಾಯಿತಿ ಇಷ್ಟೇ. ಅದಕ್ಕೆ ತೆರುವ ಬೆಲೆ ವರ್ಷಗಟ್ಟಲೆಯ ಅವಮಾನ.

ಕೈಕಾಲುಗಳ ತೊಂದರೆಗೆ ಮರಳಿದರೆ, ಅದು ನರದ ಹಾನಿಯಿಂದ ಬಂದುದಲ್ಲವೆಂದು ತೋರಿಸುವ ಸರಳ ಪರೀಕ್ಷೆಯೊಂದನ್ನು ಅಮೆರಿಕದ ವೈದ್ಯ ಚಾರ್ಲ್ಸ್ ಹೂವರ್ 1908ರಲ್ಲಿ ವಿವರಿಸಿದರು. ಕಾಲಿನ ಶಕ್ತಿ ಹೋಗಿದೆ ಎನ್ನುವ ರೋಗಿಯನ್ನು ಅಂಗಾತ ಮಲಗಿಸಿ, ಬಿದ್ದುಹೋದ ಕಾಲಿನ ಹಿಮ್ಮಡಿಯ ಕೆಳಗೆ ವೈದ್ಯರು ಅಂಗೈಯಿಡುತ್ತಾರೆ. ಹಿಮ್ಮಡಿಯನ್ನು ಕೆಳಕ್ಕೆ ಒತ್ತಿ ಎಂದರೆ ಒತ್ತಡವೇ ಬರುವುದಿಲ್ಲ, ಆದರೆ ಇನ್ನೊಂದು ಕಾಲನ್ನು ಮೇಲೆತ್ತಿ ಎಂದಾಗ ಅದೇ ಹಿಮ್ಮಡಿ ತಾನಾಗಿ ಅಂಗೈಯನ್ನು ಬಲವಾಗಿ ಅದುಮುತ್ತದೆ. ನರ, ಸ್ನಾಯು, ಮೂಳೆ ಸರಿಯಾಗಿವೆ, ಗಮನವಿಟ್ಟು ಮಾಡಹೊರಟಾಗ ಮಾತ್ರ ಚಲನೆಗೆ ದಾರಿ ಸಿಗುತ್ತಿಲ್ಲ ಎಂಬುದಕ್ಕೆ ಇದು ಸಾಕ್ಷಿ. ಹಿಂದೆ ರೋಗಿಯನ್ನು ಸಿಕ್ಕಿಹಾಕಿಸಲು ಬಳಸುತ್ತಿದ್ದ ಈ ಪರೀಕ್ಷೆಯನ್ನು ಈಗ ಎಡಿನ್‌ಬರೊದ ಜಾನ್ ಸ್ಟೋನ್ ಅವರಂಥ ನರವೈದ್ಯರು, ಕಾಲು ಸರಿಹೋಗಬಲ್ಲದೆಂಬ ಭರವಸೆ ಮೂಡಿಸಲು ರೋಗಿಗೇ ತೋರಿಸುತ್ತಾರೆ. ಅದೇ ಪರೀಕ್ಷೆ, ಉದ್ದೇಶವಷ್ಟೇ ಬೇರೆ.

ಸೆಳವಿನ ವಿಷಯದಲ್ಲಿ ಗೊಂದಲ ಇನ್ನೂ ಹೆಚ್ಚು. ಅಪಸ್ಮಾರದ ಫಿಟ್ಸ್ ಬಂದಾಗ ಕಣ್ಣು ಸಾಮಾನ್ಯವಾಗಿ ತೆರೆದಿರುತ್ತದೆ, ಒಂದೆರಡು ನಿಮಿಷದಲ್ಲಿ ಮುಗಿಯುತ್ತದೆ, ನಾಲಿಗೆಯ ಅಂಚು ಕಚ್ಚಿಹೋಗಿರಬಹುದು. ವಿಘಟನೆಯ ಸೆಳವಿನಲ್ಲಿ ಕಣ್ಣುಗಳು ಬಿಗಿಯಾಗಿ ಮುಚ್ಚಿರುತ್ತವೆ, ತಲೆ ಅತ್ತಿತ್ತ ಹೊರಳುತ್ತದೆ, ಏರಿಳಿಯುತ್ತ ಹತ್ತು ನಿಮಿಷ, ಅರ್ಧ ಗಂಟೆಯೂ ನಡೆಯುತ್ತದೆ. ಯಾವ ಒಂದು ಲಕ್ಷಣವೂ ತಾನೇ ನಿರ್ಣಾಯಕವಲ್ಲ, ಎರಡೂ ಒಬ್ಬರಲ್ಲೇ ಇರುವುದೂ ಉಂಟು, ಆದ್ದರಿಂದ ಸೆಳವು ಬರುವ ಹೊತ್ತಿನಲ್ಲೇ ವಿಡಿಯೊ ಮತ್ತು ಮಿದುಳಿನ ವಿದ್ಯುತ್ ಚಟುವಟಿಕೆಯನ್ನು ಅಳೆಯುವ ಇಇಜಿ ಎರಡನ್ನೂ ಒಟ್ಟಿಗೆ ದಾಖಲಿಸುವುದೇ ಖಚಿತ ಮಾರ್ಗ. ಮನೆಯವರು ಮೊಬೈಲಿನಲ್ಲಿ ತೆಗೆದ ವಿಡಿಯೊ ಕೂಡ ವೈದ್ಯರಿಗೆ ಬಹಳ ನೆರವಾಗುತ್ತದೆ. ಜರ್ಮನಿಯ ಬಾನ್ ನಗರದ ಅಧ್ಯಯನವೊಂದರಲ್ಲಿ (2002) ಮೊದಲ ಸೆಳವಿನಿಂದ ಸರಿಯಾದ ನಿರ್ಣಯದವರೆಗೆ ಸರಾಸರಿ ಏಳು ವರ್ಷ ಕಳೆದಿತ್ತು. ಅಷ್ಟು ಕಾಲ ಬೇಡದ ಅಪಸ್ಮಾರದ ಮಾತ್ರೆಗಳನ್ನು ನುಂಗಿದವರೇ ಅವರಲ್ಲಿ ಹೆಚ್ಚು. ಇನ್ನು ಮನೆಗಳಲ್ಲಿ ಮೂಗಿಗೆ ಈರುಳ್ಳಿ ಹಿಂಡುವುದು, ಕೈಗೆ ಬೀಗದ ಕೈಗೊಂಚಲು ತುರುಕುವುದು, ಕೆಲವು ಆಸ್ಪತ್ರೆಗಳ ತುರ್ತು ವಿಭಾಗದಲ್ಲೇ ಅಮೋನಿಯಾ ಮೂಸಿಸಿ ‘ಎಬ್ಬಿಸುವುದು’ ಇವು ಆ ಎರಡು ಕಾಯಿಲೆಗಳಲ್ಲಿ ಯಾವುದಕ್ಕೂ ಮದ್ದಲ್ಲ. ಪೆಟ್ಟಾಗದಂತೆ ನೋಡಿಕೊಂಡು, ಸುತ್ತ ನೆರೆದವರನ್ನು ದೂರ ಕಳಿಸಿ, ಮೆಲುದನಿಯಲ್ಲಿ ಮಾತಾಡುತ್ತ ಕಾಯುವುದು ವಿಘಟನೆಯ ಸೆಳವಿಗೆ ಸಾಕು. ಐದು ನಿಮಿಷ ದಾಟಿದ ಸೆಳವು ಯಾವುದೆಂದು ತಿಳಿಯದಿದ್ದರೆ ಆಸ್ಪತ್ರೆಗೆ ಒಯ್ಯಲೇಬೇಕು.

ಇಷ್ಟಕ್ಕೂ ಮಿದುಳು ಹೀಗೇಕೆ ಮಾಡುತ್ತದೆ ಎಂಬುದಕ್ಕೆ ಪೂರ್ಣ ಉತ್ತರ ಸಿಕ್ಕಿಲ್ಲ. ಅಪಾಯ ಎದುರಾದಾಗ ಪ್ರಾಣಿಗಳು ಹೋರಾಡುತ್ತವೆ ಅಥವಾ ಓಡುತ್ತವೆ. ಎರಡೂ ಸಾಧ್ಯವಾಗದಾಗ ಮರಗಟ್ಟಿ ನಿಲ್ಲುತ್ತವೆ, ಆಗ ನೋವಿನ ಅರಿವೂ ಮಂದವಾಗುತ್ತದೆ. ಆಘಾತೋತ್ತರ ಒತ್ತಡದ ಕಾಯಿಲೆಯ ರೋಗಿಗಳಲ್ಲಿ ಒಂದು ಗುಂಪಿನವರಿಗೆ ಆಘಾತವನ್ನು ನೆನಪಿಸಿದಾಗ ಎದೆಬಡಿತ ಏರುವ ಬದಲು ಭಾವನೆಯೇ ಬತ್ತಿಹೋಗುವುದನ್ನೂ, ಮಿದುಳಿನ ಮುಂಭಾಗದ ಪ್ರದೇಶಗಳು ಭಯದ ಕೇಂದ್ರವಾದ ಅಮಿಗ್ಡಲವನ್ನು ಅತಿಯಾಗಿ ಅದುಮಿಹಿಡಿಯುವುದನ್ನೂ ಮನೋವೈದ್ಯೆ ರೂತ್ ಲೇನಿಯಸ್ ಮತ್ತು ಸಂಗಡಿಗರು ತೋರಿಸಿದ್ದು, ಡಿಎಸ್ಎಂ-5 ಆ ಗುಂಪನ್ನು ಪ್ರತ್ಯೇಕ ಉಪವರ್ಗವಾಗಿ ಗುರುತಿಸಿದೆ. ಹಾಗೆಂದು ವಿಘಟನೆಯ ಪ್ರತಿ ರೋಗಿಯ ಹಿಂದೆ ಬಚ್ಚಿಟ್ಟ ಬಾಲ್ಯದ ದೌರ್ಜನ್ಯವಿರಲೇಬೇಕೆಂದು ಹುಡುಕಹೊರಡುವುದು ಸಿಬಿಲ್ ಕಾಲದ ತಪ್ಪನ್ನೇ ಮರಳಿ ಮಾಡಿದಂತೆ. ಕರ್ನಾಟಕದ ಹೊರರೋಗಿ ವಿಭಾಗಗಳಲ್ಲಿ ಕಾಣುವ ಕಾರಣಗಳು ಬಹುಪಾಲು ಬಚ್ಚಿಟ್ಟವೇ ಅಲ್ಲ, ಒಲ್ಲದ ಮದುವೆ, ಕುಡಿತದ ಗಂಡ, ಪಿಯುಸಿಯ ಅಂಕಗಳು ಹೀಗೆ ಮನೆಮಂದಿಗೆಲ್ಲ ಗೊತ್ತಿದ್ದೂ ಯಾರೂ ಮಾತೆತ್ತದವು.

ಈ ಕಾಯಿಲೆಗಳಿಗೆಂದೇ ಇರುವ ಮಾತ್ರೆ ಇಲ್ಲ. ಜೊತೆಗಿರುವ ಖಿನ್ನತೆ, ಆತಂಕಗಳಿಗೆ ಔಷಧಿ ಕೊಡಲಾಗುತ್ತದೆ. ಮುಖ್ಯ ಚಿಕಿತ್ಸೆ ಮಾತಿನದು, ಮತ್ತು ಅದು ಜಾನೆ ಹಾಕಿಕೊಟ್ಟ ಕ್ರಮವನ್ನೇ ಬಹುಮಟ್ಟಿಗೆ ಅನುಸರಿಸುತ್ತದೆ: ಮೊದಲು ರೋಗಿ ಸುರಕ್ಷಿತವಾಗಿರುವಂತೆ, ಕಾಲ ಕೆಳಗಿನ ನೆಲ, ಕೈಯಲ್ಲಿ ಹಿಡಿದ ತಣ್ಣನೆಯ ಲೋಟದಂಥವುಗಳ ಮೂಲಕ ವರ್ತಮಾನದಲ್ಲಿ ನಿಲ್ಲುವಂತೆ ಕಲಿಸುವುದು, ಆಮೇಲಷ್ಟೇ ಕಹಿ ನೆನಪುಗಳ ಮಾತು, ಕೊನೆಗೆ ಅವನ್ನು ಬದುಕಿನ ಕಥೆಯೊಳಗೆ ಸೇರಿಸಿಕೊಳ್ಳುವುದು. ಫಲ ಎಷ್ಟು ಎಂದು ಅಳೆಯಹೊರಟ ಬ್ರಿಟನ್ನಿನ ದೊಡ್ಡ ಪ್ರಯೋಗವೊಂದರ ವರದಿ 2020ರಲ್ಲಿ ಹೊರಬಂತು. ವಿಘಟನೆಯ ಸೆಳವುಗಳಿದ್ದ 368 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಮಾಮೂಲಿ ಆರೈಕೆಯ ಜೊತೆಗೆ, ಯೋಚನೆ ಮತ್ತು ವರ್ತನೆಯ ಜಾಡನ್ನು ಬದಲಿಸುವ ಸಿಬಿಟಿ ಎಂಬ ಚಿಕಿತ್ಸೆ ಕೊಡಲಾಗಿತ್ತು. ವರ್ಷದ ಕೊನೆಗೆ ತಿಂಗಳಿಗೆ ಬರುವ ಸೆಳವುಗಳ ಸಂಖ್ಯೆಯಲ್ಲಿ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ, ಆ ಲೆಕ್ಕದಲ್ಲಿ ಪ್ರಯೋಗ ಸೋತಂತೆಯೇ. ಆದರೆ ಸಿಬಿಟಿ ಪಡೆದವರು ಸೆಳವಿಲ್ಲದೆ ಕಳೆದ ಅವಧಿ ಹೆಚ್ಚಾಗಿತ್ತು, ಸೆಳವುಗಳು ಅವರನ್ನು ಮೊದಲಿನಷ್ಟು ಕಾಡುತ್ತಿರಲಿಲ್ಲ, ಕೆಲಸ, ಮನೆ, ಗೆಳೆಯರ ಒಡನಾಟಕ್ಕೆ ಅವರು ಇತರರಿಗಿಂತ ಹೆಚ್ಚಾಗಿ ಮರಳಿದ್ದರು.